ದಲೀಲನಿಗೊಂದು ಜಾಗ

ಅಮ್ಮಾನಿನ ಲುವೈಬ್ದೆ ಗುಡ್ಡದ ಮೇಲಿನ ಆ ಪುಟ್ಟ ಆಫೀಸಿನಲ್ಲಿ ಒಂದು ಹಳದಿ ಚೀಟಿ ವಾರದಿಂದ ಗೋಡೆಯ ಮೇಲೆ ಓಡಾಡುತ್ತಿತ್ತು. ಬೆಳಿಗ್ಗೆ ಎಡಗಡೆ, ಸಂಜೆಯಾದರೆ ಬಲಗಡೆ. ಎಡಕ್ಕೆ ಅಂಟಿಸುವವನು ಔನ್, ಬಲಕ್ಕೆ ಅಂಟಿಸುವವಳು ಹನಾದಿ. ಅಕ್ಕತಂಗಿಯರ ಮಕ್ಕಳು, ಸೇರಿ ಮನೆಮನೆಗೆ ಟ್ಯಾಂಕರ್ ನೀರು ಕಳಿಸುವ ಕಂಪನಿ ಕಟ್ಟಿದವರು, ಹಟದಲ್ಲಿ ಇವರನ್ನು ಅವರು, ಅವರನ್ನು ಇವರು ಮೀರಿಸುವವರು. ಉಳಿದ ಹುಡುಗ ಹುಡುಗಿಯರು ಕಂಡೂ ಕಾಣದವರಂತೆ ಕಂಪ್ಯೂಟರಿನಲ್ಲಿ ತಲೆ ಹುದುಗಿಸಿ ಕೂತಿದ್ದರು.

ಚೀಟಿಗಳನ್ನು ಅಂಟಿಸಿ ಮಾಡಿದ ಆ ಗೋಡೆಯ ನಕ್ಷೆ ಹನಾದಿಯದು. ಎಲ್ಲಕ್ಕಿಂತ ಮೇಲೆ ಒಬ್ಬ ಮನೆಯಾಕೆ, ಅವಳಿಗೆ ಬೇಕಾದದ್ದು ನೀರು. ಆ ನೀರು ಅವಳ ತಾರಸಿಯ ತೊಟ್ಟಿಗೆ ಬಂದು ಬೀಳಲು ಏನೇನು ಬೇಕೋ ಅವೆಲ್ಲ ಗೆರೆಗೆ ಗೆರೆ ಸೇರಿಸಿಕೊಂಡು ಕೆಳಗಿಳಿದಿದ್ದವು: ಟ್ಯಾಂಕರು, ಅದರ ಚಾಲಕ, ದಾರಿ ಹುಡುಕುವ ತಂತ್ರಾಂಶ, ತೊಟ್ಟಿ ಯಾವಾಗ ಬರಿದಾಗುತ್ತದೆ ಎಂಬ ಅಂದಾಜು. ಇನ್ನೂ ಯಾರ ಕೈಗೂ ಸಿಗದ್ದು ಎಡಗಡೆಗೆ. ಕರೆಂಟಿನ ಹಾಗೆ ಯಾರು ಬೇಕಾದರೂ ತಿಂಗಳ ಬಾಡಿಗೆ ಕೊಟ್ಟು ಪಡೆಯಬಹುದಾದದ್ದು ಬಲಗಡೆಗೆ. ಹೀಗೆ ಹಚ್ಚಿ ನೋಡಿದರೆ ಎಲ್ಲಿ ಬೆವರು ಸುರಿಸಬೇಕು, ಎಲ್ಲಿ ಸುಮ್ಮನೆ ಕೊಂಡು ತರಬೇಕು ಎಂಬುದು ಕಣ್ಣಿಗೆ ಕಾಣುತ್ತದೆ. ಕಂಡದ್ದನ್ನು ಬಾಯಿಬಿಟ್ಟು ಹೇಳುವ ಕಷ್ಟ ಮಾತ್ರ ನಮಗೇ ಬಿಟ್ಟದ್ದು.

ಓಡಾಡುತ್ತಿದ್ದ ಚೀಟಿಯ ಮೇಲೆ ‘ದಲೀಲ್’ ಎಂದು ಬರೆದಿತ್ತು. ದಾರಿ ತೋರುವವನು ಎಂದರ್ಥ. ಔನ್ ತನ್ನ ಕೈಯಾರೆ ಬರೆದ ತಂತ್ರಾಂಶಕ್ಕೆ ಇಟ್ಟ ಮುದ್ದಿನ ಹೆಸರದು. ಈ ಊರಿನಲ್ಲಿ ಬಾಗಿಲ ಸಂಖ್ಯೆ ಹೇಳುವವರು ಯಾರು? ಬೇಕರಿ ದಾಟಿ, ಮೆಟ್ಟಿಲಿಳಿದು, ನೀಲಿ ಗೇಟಿನ ಎದುರು ಎನ್ನುತ್ತಾರೆ. ಅಂಥ ವಿಳಾಸ ಕೊಟ್ಟರೂ ಟ್ಯಾಂಕರನ್ನು ಮನೆಮುಂದೆ ತಂದು ನಿಲ್ಲಿಸುತ್ತಿದ್ದದ್ದು ಒಂದು ಕಾಲಕ್ಕೆ ದಲೀಲ್ ಒಬ್ಬನೇ. ಈಗ ಅದೇ ಕೆಲಸವನ್ನು ದೊಡ್ಡ ಕಂಪನಿಗಳು ಅಗ್ಗಕ್ಕೆ ಮಾರುತ್ತಿದ್ದವು. ಔನ್ ಮಾತ್ರ ಹಗಲೂ ಇರುಳೂ ದಲೀಲನ ಆರೈಕೆಯಲ್ಲೇ ಮುಳುಗಿದ್ದ.

ಬೇಸಿಗೆ ಹತ್ತಿರವಾಗುತ್ತಿತ್ತು. ನಲ್ಲಿಯಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಅಂದು ಇಡೀ ಬೀದಿಯ ವಾಷಿಂಗ್ ಮಷೀನುಗಳು ಒಟ್ಟಿಗೆ ಗುರುಗುಟ್ಟುತ್ತವೆ. ನಡುವೆ ನೆಂಟರು ಬಂದು ಕೂತರೆ ತೊಟ್ಟಿ ಖಾಲಿ, ಮನೆಯಾಕೆಯ ಮಾನ ನೀರಿಲ್ಲದೆ ಹೋಗುತ್ತದೆ. ಅದಕ್ಕೆ ಮೊದಲೇ ಎಚ್ಚರಿಸುವ ಆ್ಯಪ್ ಯಾರಲ್ಲೂ ಇರಲಿಲ್ಲ. ಅದನ್ನು ಬರೆಯಬಲ್ಲವನು ಔನ್ ಒಬ್ಬನೇ. ಆದರೆ ದಲೀಲನನ್ನು ಬಿಡು ಎಂದರೆ ಅವನು ಮುನಿದು ಎದ್ದು ಹೋದರೆ? ದುಬೈಯ ಕಂಪನಿಯೊಂದು ಅವನಿಗೆ ಫೋನ್ ಮೇಲೆ ಫೋನ್ ಮಾಡುತ್ತಿತ್ತು. ಕಂಪನಿ ಮುಳುಗಿದರೆ ಇನ್ನೊಂದು ಕಟ್ಟಬಹುದು. ಔನ್ ಹೋದರೆ ಹನಾದಿಗೆ ಇನ್ನೊಬ್ಬ ಔನ್ ಇರಲಿಲ್ಲ. ಈ ಹೆದರಿಕೆಯಿಂದಲೇ ಅವಳು ವಾರವಿಡೀ ಬಾಯಿಬಿಡದೆ ಚೀಟಿ ಸರಿಸುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಹನಾದಿ ಅವನ ಮನೆಗೆ ಹೋದಳು. ಅವಳ ಖಾಲ್ತಿ, ಅಂದರೆ ಔನನ ತಾಯಿ, ಏಲಕ್ಕಿಯ ಕಹಿ ಕಾಫಿ ತಂದುಕೊಟ್ಟಳು. ಹನಾದಿ ಕಪ್ಪನ್ನು ತುಟಿಗೆ ತಾಗಿಸದೆ ಎದುರಿಗಿಟ್ಟಳು. ಬೇಡಿಕೆ ಹೊತ್ತು ಬಂದವರು ಅದು ಈಡೇರುವ ತನಕ ಕಾಫಿ ಕುಡಿಯುವುದಿಲ್ಲ. ಹೆಣ್ಣು ಕೇಳಲು ಬಂದ ಹಿರಿಯರು, ಜಗಳ ತೀರಿಸಲು ಬಂದ ಹಿರಿಯರು ಮಾಡುವ ಕೆಲಸವದು. ಖಾಲ್ತಿ ಬೆರಗಾಗಿ ಅವಳನ್ನೇ ನೋಡಿದಳು.

“ಏನೇ ಇದು, ನನ್ನ ಮಗನ್ನ ಕೇಳೋಕೆ ಬಂದ್ಯಾ? ನಿಲುವಂಗಿ ತೊಟ್ಟ ಹಿರೀಕರು ಎಲ್ಲೇ?”

ಔನ್ ನಗಲಿಲ್ಲ. “ಕುಡಿ. ಏನು ಕೇಳೋಕೆ ಬಂದಿದ್ದೀಯೋ ಅದು ಕೊಟ್ಟಾಯ್ತು,” ಎಂದ. ಕೇಳುವ ಮೊದಲೇ ಕೊಟ್ಟುಬಿಡುವುದು ಆ ಮನೆತನದ ಜಂಬ.

“ದಲೀಲನ್ನ ನಿಲ್ಲಿಸ್ಬೇಕು, ಔನ್. ದಾರಿ ತೋರ್ಸೋದನ್ನ ಹೊರಗಿಂದ ಕೊಂಡ್ಕೊಳ್ಳೋಣ.”

ಅವನ ಮುಖ ಬಾಡಿತು. ತಾಯಿಯೆದುರು ಕೊಟ್ಟ ಮಾತು, ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಬಲೆ ಬೀಸಿ ಹಿಡಿದೆನಲ್ಲ ಎಂದು ಹನಾದಿಗೆ ನಾಚಿಕೆಯಾಯಿತು. ಮನಸ್ಸಿಲ್ಲದಿದ್ದರೆ ಆ ಮಾತು ನನಗೆ ಬೇಡ ಎಂದಳು.

“ಅದು ಬಲಗಡೆದೇ ಅಂತ ಮೊದಲನೇ ದಿನಾನೇ ಗೊತ್ತಾಯ್ತು ನಂಗೆ,” ಔನ್ ತಗ್ಗಿದ ದನಿಯಲ್ಲಿ ಹೇಳಿದ. “ಆ ಗೋಡೆ ಮೇಲೆ ಟ್ಯಾಂಕರಿಗೆ ಜಾಗ ಇದೆ, ತೊಟ್ಟಿಗೆ ಜಾಗ ಇದೆ. ದಲೀಲ್ ಹೋದ್ರೆ ನಂಗೆಲ್ಲಿದೆ ಜಾಗ?”

ಎಡತುದಿಯ ಆ ತೊಟ್ಟಿಯ ಅಂದಾಜಿನ ಚೀಟಿಯನ್ನು ಹನಾದಿ ಹಚ್ಚಿದ್ದೇ ಇವನಿಗಾಗಿ. ಹೇಳದೆಯೂ ತಿಳಿದುಕೊಳ್ಳುತ್ತಾನೆ ಎಂದುಕೊಂಡಿದ್ದಳು, ಮೂರ್ಖಳಂತೆ. ಈಗ ಎಲ್ಲವನ್ನೂ ಹೇಳಿದಳು. ಇನ್ನೊಬ್ಬರ ಕೈಲಿ ಅದಾಗುವುದಿಲ್ಲ, ನೀನಿಲ್ಲದೆ ಆ ನಕ್ಷೆ ಬರೀ ಗೋಡೆ ಎಂದಳು. ನೆಂಟರು ಬರುವುದನ್ನು ತಂತ್ರಾಂಶಕ್ಕೆ ಮೊದಲೇ ತಿಳಿಸುವವರು ಯಾರು ಎಂದು ಔನ್ ಕೇಳಿದ. ಮನಸ್ಸಿನಲ್ಲಿ ಅವನು ಆಗಲೇ ಕೆಲಸಕ್ಕೆ ಕೂತಿದ್ದ.

“ನಾನು ಏನು ಕೇಳ್ತೀನಿ ಅಂದ್ಕೊಂಡು ಕೊಟ್ಟಾಯ್ತು ಅಂದೆ?” ಹನಾದಿ ತಡೆಯಲಾರದೆ ಕೇಳಿದಳು.

“ದುಬೈಗೆ ಹೋಗ್ಬೇಡ ಅಂತ ಕೇಳೋಕೆ ಬಂದಿದ್ದೀಯ ಅಂದ್ಕೊಂಡೆ.” ಔನ್ ನೆಲ ನೋಡಿದ. “ನೀನು ಗೋಡೆಗೆ ಚೀಟಿ ಅಂಟಿಸೋಕೆ ಮುಂಚೇನೇ ಅವ್ರಿಗೆ ಬೇಡ ಅಂದಿದ್ದೆ. ಆದ್ರೂ ನೀನೊಂದ್ಸಲ ಕೇಳ್ಬೇಕು ಅಂತಿತ್ತು.”

ಹನಾದಿಯ ಕಣ್ಣು ತುಂಬಿ ಬಂತು. “ಹೋಗ್ಬೇಡ ಕಣೋ,” ಎಂದಳು, ಮತ್ತು ಆರಿಹೋದ ಕಾಫಿಯನ್ನು ಎತ್ತಿ ಕುಡಿದಳು.