ನೊಣ ಓಡಿಸುವ ಸನ್ನೆ

ಬೆಳಿಗ್ಗೆ ಹನ್ನೊಂದು ಗಂಟೆಗೆ ಸುರಪುರದ ಹಳೇ ಪೇಟೆಯಲ್ಲಿ ನಡೆಯುತ್ತಿದ್ದ ಸಿನಿಮಾ ಚಿತ್ರೀಕರಣ ನಿಂತಿತು. ನಿಲ್ಲಿಸಿದವರು ಭಗವಂತರಾಯ. ಕುಂಚ ಹಿಡಿದ ಕೈಯಲ್ಲೇ ಕ್ಯಾಮೆರಾಕ್ಕೆ ಅಡ್ಡ ಬಂದು ನಿಂತಿದ್ದರು.

ಭಗವಂತರಾಯ ಹುಟ್ಟು ಕಿವುಡರು. ವಯಸ್ಸು ಅರವತ್ತು ದಾಟಿದೆ. ಟಾಕೀಸುಗಳಿಗೆ ಬೋರ್ಡ್ ಬರೆಯುತ್ತ ಬೆಳೆದವರು. ಈ ಚಿತ್ರದ ಕಥೆಯೂ ಒಬ್ಬ ಕಿವುಡ ಬೋರ್ಡ್ ಕಲಾವಿದನದೇ. ಸೆಟ್ಟಿನ ಬೋರ್ಡುಗಳನ್ನು ಬರೆಯುವುದು, ನಾಯಕ ಪ್ರವೀಣಕುಮಾರನಿಗೆ ಸನ್ನೆ ಕಲಿಸುವುದು ಅವರ ಕೆಲಸವಾಗಿತ್ತು. ಅವರ ಮಾತನ್ನು ಎಲ್ಲರಿಗೂ ದಾಟಿಸಲು ಮಗಳು ಸುನಿತಾ ಯಾದಗಿರಿಯ ಕಚೇರಿಗೆ ರಜೆ ಹಾಕಿ ಬಂದಿದ್ದಳು.

ಆ ದೃಶ್ಯದಲ್ಲಿ ನಾಯಕ ಗೆಳೆಯನನ್ನು ಕರೆಯಬೇಕು: ‘ಶಹಾಪುರಕ್ಕೆ ಸಿನಿಮಾ ನೋಡಲು ಬಾ.’ ಭಗವಂತರಾಯ ಮೂರು ಸನ್ನೆ ಕಲಿಸಿದ್ದರು. ಅಂಗೈ ಕೆನ್ನೆಗೆ ಹಚ್ಚಿ ತಲೆ ವಾಲಿಸಿದರೆ ಶಹಾಪುರ, ಅಂದರೆ ಮಲಗಿದ ಬುದ್ಧನಂತೆ ಕಾಣುವ ಅಲ್ಲಿನ ಗುಡ್ಡ. ಮುಖದ ಮುಂದೆ ನೊಣ ಓಡಿಸಿದಂತೆ ಕೈ ಆಡಿಸಿದರೆ ಸಿನಿಮಾ. ಕೊನೆಗೆ, ಬಾ.

ನಿರ್ದೇಶಕ ವಿಶ್ವರಾಧ್ಯ ಮೊದಲನೆಯದನ್ನು ತೆಗೆದುಹಾಕಿದ್ದ. "ನಿದ್ದಿ ಬಂದೈತಿ ಅಂತ ತಿಳ್ಕೋತಾರ ಮಂದಿ. ಪ್ರವೀಣ, ನೀ ಸುಮ್ನ ಜೋರಾಗಿ ಕೈ ಆಡ್ಸು. ಒಂದೀಟು ಬ್ಯಾ ಬ್ಯಾ ಅನ್ನು."

ಪ್ರವೀಣ ಹಾಗೇ ಮಾಡಿದ. ಲೈಟಿನವರು ನಕ್ಕರು. ಭಗವಂತರಾಯರಿಗೆ ಕಂಡದ್ದು ಆ ನಗು.

ಅವರ ಕೈಗಳು ಬಿರುಸಾಗಿ ಆಡಿದವು. ಸುನಿತಾ ಹೇಳಿದಳು: "ಸರ್, ನಿಮ್ಮ ಹೀರೋ ‘ಸಿನಿಮಾ, ಸಿನಿಮಾ, ಸಿನಿಮಾ’ ಅಂದಾನಂತ. ಎಲ್ಲಿ ಅಂತ ಹೇಳೇ ಇಲ್ಲಂತ."

"ಸಿನಿಮಾಕ್ಕ ನೊಣ ಯಾಕ್ರಿ?" ವಿಶ್ವರಾಧ್ಯನಿಗೂ ನಗು ಬಂತು.

ಸುನಿತಾಳಿಗೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಮನೆಯಲ್ಲಿ ಸಿನಿಮಾಕ್ಕೆ ಅದೇ ಸನ್ನೆ. ಅಪ್ಪನನ್ನು ಕೇಳಿದಳು. ಭಗವಂತರಾಯ ಕುಂಚ ಕೆಳಗಿಟ್ಟು, ಎರಡೂ ಕೈಗಳಿಂದ ಹೇಳತೊಡಗಿದರು.

ಶಿರವಾಳದ ಕಾಂತೇಶನೂ ಕಿವುಡ. ಹದಿಹರೆಯದಲ್ಲಿ ಇಬ್ಬರೂ ಒಂದೇ ಅಂಗಡಿಯಲ್ಲಿ ಬೋರ್ಡಿನ ಬಟ್ಟೆಯ ಮೇಲೆ ಅಳತೆಗೆಂದು ಚೌಕಳಿ ಗೆರೆ ಎಳೆದು ನಾಯಕರ ಮುಖ ಬರೆಯುತ್ತಿದ್ದರು. ಕಾಂತೇಶನದು ಕಣ್ಣು, ಇವರದು ಮೀಸೆ. ಬೋರ್ಡ್ ಬರೆದವರಿಗೆ ಶಹಾಪುರದ ಟಾಕೀಸಿನಲ್ಲಿ ಪುಕ್ಕಟೆ ಬೆಂಚು ಸಿಗುತ್ತಿತ್ತು. ಒಂದು ಭಾನುವಾರ ಪರದೆಯ ಮೇಲೆ ಮೂಕನ ಪಾತ್ರವೊಂದು ಬಂತು. ಅವನು ಎರಡೂ ಕೈ ಆಡಿಸಿದ. ಇಡೀ ಟಾಕೀಸು ಬೆಂಚು ಬಡಿದು ನಕ್ಕಿತು. ‘ಏನಂದ?’ ಎಂದು ಕಾಂತೇಶ ಕೇಳಿದ. ‘ತಿಳೀಲಿಲ್ಲ.’ ಕಾಂತೇಶ ಇನ್ನೊಮ್ಮೆ ನೋಡಿ ಹೇಳಿದ: ‘ಮಾತಲ್ಲ. ನೊಣ ಓಡಿಸುತ್ತಿದ್ದಾನೆ.’

ಅಂದಿನಿಂದ ಸಿನಿಮಾ ಎಂದರೆ ನೊಣ. ಪ್ರತಿ ಭಾನುವಾರ ಕಾಂತೇಶ ಅಂಗಡಿಯ ಬಾಗಿಲಲ್ಲಿ ನಿಂತು, ತಲೆ ವಾಲಿಸಿ, ನೊಣ ಓಡಿಸಿ, ಬಾ ಎನ್ನುತ್ತಿದ್ದ. ಅವನು ತೀರಿಕೊಂಡು ಮೂರು ವರ್ಷವಾಗಿತ್ತು.

ಸುನಿತಾ ಇಷ್ಟನ್ನೂ ಹೇಳಿ ಮುಗಿಸಿದಾಗ ಲೈಟಿನವರು ನಗುತ್ತಿರಲಿಲ್ಲ.

"ಇದು ಕಾಂತೇಶನ ಮಾತಂತ ಸರ್. ಅವ ಆಡಿದಂಗ ಆಡಿದ್ರ ಆತು. ಇಲ್ಲಂದ್ರ ಬೋರ್ಡ್ ಇಳ್ಸಿ ಒಯ್ತೀನಿ ಅನ್ನಾಕತ್ತಾನ ಅಪ್ಪ."

"ಒಯ್ಯಬ್ಯಾಡ್ರೆಪ್ಪ! ಆದ್ರ ನೋಡೋ ಮಂದಿಗಿ ಶಹಾಪುರ ಅಂತ ಹೆಂಗ ತಿಳೀಬೇಕ್ರಿ?"

ಸುನಿತಾ ಅದನ್ನು ಸನ್ನೆಯಲ್ಲಿ ದಾಟಿಸಿದ್ದೇ ತಡ, ಭಗವಂತರಾಯ ನಾಯಕನ ಹಿಂದಿದ್ದ ಬೋರ್ಡಿನತ್ತ ನಡೆದರು. ಅದರಲ್ಲಿ ಬರೆದಿದ್ದ ಆಕಾಶಕ್ಕೆ ಬೂದು ಬಣ್ಣ ಬಳಿದು, ಹಣೆ, ಮೂಗು, ಎದೆ ಎಂದು ಮಲಗಿದ ಬುದ್ಧನ ಗುಡ್ಡ ಎಳೆದರು. ಕೆಳಗೆ ದಪ್ಪ ಅಕ್ಷರಗಳಲ್ಲಿ ‘ಶಹಾಪುರ’ ಎಂದು ಬರೆದರು. ಆಮೇಲೆ ಪ್ರವೀಣನ ಗದ್ದ ಹಿಡಿದು, ತಲೆಯನ್ನು ಗುಡ್ಡ ಮಲಗಿದ ಕಡೆಗೇ ವಾಲಿಸಿದರು.

"ಹುಬ್ಬು ಏರ್ಸು ಅಂತಾನ," ಎಂದಳು ಸುನಿತಾ. "ಕರಿಯೋ ಮುಖ ಇರ್ಲಿ. ಪೊಲೀಸ್ರು ಹಿಡ್ದಂಗ ನಿಂದರಬ್ಯಾಡ ಅಂತ."

ಬಣ್ಣ ಒಣಗಿದ ಮೇಲೆ, ಮಧ್ಯಾಹ್ನ, ಚಿತ್ರೀಕರಣ ಮತ್ತೆ ಶುರುವಾಯಿತು. ಪ್ರವೀಣ ಹಲವು ಸಲ ತಪ್ಪಿದ. ಭಗವಂತರಾಯ ತಲೆಯಾಡಿಸುವವರೆಗೂ ವಿಶ್ವರಾಧ್ಯ ಓಕೆ ಅನ್ನಲಿಲ್ಲ.

ಫೆಬ್ರವರಿಯಲ್ಲಿ ಚಿತ್ರ ಯಾದಗಿರಿಗೆ ಬಂತು. ಭಗವಂತರಾಯ ಕಾಂತೇಶನ ಹೆಂಡತಿ ಮಾನಮ್ಮನನ್ನು ಕರೆದುಕೊಂಡು ಹೋದರು. ಅವಳೂ ಕಿವುಡಿ, ಗಂಡನ ನೊಣದ ಕಥೆ ಬಲ್ಲವಳು. ಚಿತ್ರಮಂದಿರದಲ್ಲಿ ಆ ದೃಶ್ಯಕ್ಕೆ ನಕ್ಕವಳು ಅವಳೊಬ್ಬಳೇ.