ಜಲಜಾ ಅಳೆದ ಮೂರನೆಯ ಕೋನ

ಮೂರು ಕೋನ ಕೂಡಿದಾಗ ಎಲ್ಲರ ತ್ರಿಭುಜವೂ ನೂರಾ ಎಂಬತ್ತು ಡಿಗ್ರಿಗೆ ಬಂದು ನಿಂತಿತು. ಜಲಜಾಳದ್ದು ಮಾತ್ರ ನೂರಾ ಎಪ್ಪತ್ತೊಂಬತ್ತರಲ್ಲೇ ಕೂತುಬಿಟ್ಟಿತು.

ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿ. ಅಲ್ಲಿ ದೊಡ್ಡವರಿಗಾಗಿ ಹತ್ತನೇ ತರಗತಿಯ ಸಂಜೆ ಶಾಲೆ. ಕೆಳಗೆ ಆಟೋಗಳ ಹಾರ್ನು, ಮೇಲೆ ಕಿರುಗುಟ್ಟುವ ಫ್ಯಾನು, ನಡುವೆ ಗಣಿತ. ಸೂರ್ಯಪ್ರಕಾಶ ಮೇಷ್ಟ್ರು ಹಾಜರಿ ಕರೆದ ಹಾಗೆ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು.

"ಕಮಲಾಗಾರು?"

"ನೂಟ ಎನಭೈ, ಸಾರ್!" ಒನ್ ಟೌನಿನಲ್ಲಿ ಸ್ಟೀಲ್ ಪಾತ್ರೆಯ ಸಗಟು ಅಂಗಡಿ ನಡೆಸುವ ಕಮಲಾ ನೂರಾ ಎಂಬತ್ತೆಂದು ತೆಲುಗಿನಲ್ಲಿ ಗಲ್ಲಾಪೆಟ್ಟಿಗೆ ಮುಚ್ಚಿದಷ್ಟು ಜೋರಾಗಿ ಹೇಳಿದಳು.

"ಕಾಮೇಶ್ವರಗಾರು?"

"ನೂಟ ಎನಭೈ." ಇವನು ಹೋಟೆಲಿನ ಮ್ಯಾನೇಜರು, ಯಾವುದಕ್ಕೂ ಇಲ್ಲ ಎಂದವನಲ್ಲ.

"ಜಲಜಗಾರು?"

"ಇನ್ನೂ... ಇನ್ನೂ ಮುಗಿದಿಲ್ಲ, ಸಾರ್." ಮುಗಿದಿತ್ತು. ಮೂರು ಸಲ ಮುಗಿದಿತ್ತು.

ಮೇಷ್ಟ್ರು ನಕ್ಕು ಬಿಟ್ಟುಬಿಟ್ಟರು. ಹೋಗುವಾಗ ಮಾತ್ರ ಒಂದು ಮಾತು ಹೇಳಿದರು. ಶನಿವಾರ ಒಬ್ಬೊಬ್ಬರೇ ಬೋರ್ಡಿಗೆ ಬರಬೇಕು. ತ್ರಿಭುಜ ಅರ್ಥವಾದವರು ಈ ಮಾರ್ಚಿಯ ಪರೀಕ್ಷೆಗೆ, ಉಳಿದವರು ನಿಧಾನವಾಗಿ ಮುಂದಿನ ವರ್ಷ ಬರೆಯಲಿ.

ಬೇರೆಯವರಿಗೆ ಮುಂದಿನ ವರ್ಷವೂ ವಿಜಯವಾಡ ಇಲ್ಲೇ ಇರುತ್ತದೆ. ಜಲಜಾಳಿಗೆ ಇರುವುದಿಲ್ಲ. ಗಂಡ ಮಹಾಬಲೇಶ್ವರನದು ಬ್ಯಾಂಕಿನ ಕೆಲಸ. ಕುಮಟೆಯಿಂದ ಹೊರಟವರು ವಿಶಾಖಪಟ್ಟಣದಲ್ಲಿ ಒಂದಷ್ಟು ವರ್ಷ ಇದ್ದು, ಅಲ್ಲಿ ಸಿಂಹಾಚಲ ದೇವಸ್ಥಾನದ ಮೆಟ್ಟಿಲು ಅಭ್ಯಾಸವಾಗುವಷ್ಟರಲ್ಲಿ ಇಲ್ಲಿಗೆ ಬಂದಿದ್ದರು. ಮೇ ತಿಂಗಳಿಗೆ ಮತ್ತೆ ವರ್ಗ, ಎಲ್ಲಿಗೋ ದೇವರಿಗೇ ಗೊತ್ತು. ಚಿಕ್ಕಂದಿನಲ್ಲಿ ಕುಮಟೆಯ ಶಾಲೆಯಲ್ಲಿ ಉಳಿದ ಎಲ್ಲದರಲ್ಲೂ ಪಾಸಾಗಿ ಗಣಿತದಲ್ಲಿ ಮಾತ್ರ ಬಿದ್ದಿದ್ದಳು. ಮತ್ತೆ ಕಟ್ಟುವಷ್ಟರಲ್ಲಿ ಮದುವೆ. ಈಗ ಕೈಗೆ ಸಿಕ್ಕ ಈ ಒಂದು ಮಾರ್ಚಿಯನ್ನು ಒಂದು ಡಿಗ್ರಿಗಾಗಿ ಕಳೆದುಕೊಳ್ಳುವುದೇ?

ಮರುದಿನದಿಂದ ಮನೆಯಲ್ಲಿ ಅಳತೆಯ ಹುಚ್ಚು ಶುರುವಾಯಿತು. ಮಗಳು ಬಿಂದುಶ್ರೀಯ ಕಂಪಾಸು ಪೆಟ್ಟಿಗೆಯಿಂದ ಕೋನಮಾಪಕ ಮಾಯವಾಯಿತು.

"ಅಮ್ಮಾ, ನಾ ಪ್ರೊಟ್ರಾಕ್ಟರ್ ಎಕ್ಕಡ?" ಎಂದು ಮಗಳು ಒಳಗಿಂದ ಕೂಗಿದಳು. ತೆಲುಗು ಅವಳ ಬಾಯಲ್ಲಿ ಕನ್ನಡಕ್ಕಿಂತ ಸಲೀಸು.

"ಕನ್ನಡದಲ್ಲಿ ಕೇಳಿದ್ರೆ ಕೊಡ್ತೆ!" ಎಂದು ಜಲಜಾ ಅಡುಗೆಮನೆಯಿಂದ ಕೂಗಿ, ಆ ಹೊತ್ತಿಗೆ ಸಮೋಸದ ಮೂಲೆಯೊಂದನ್ನು ಅಳೆದು ಮುಗಿಸಿದಳು.

ಮಡಚಿದ ಕರವಸ್ತ್ರ ನೂರಾ ಎಪ್ಪತ್ತೆಂಟು. ಕತ್ತರಿಸಿದ ಬ್ರೆಡ್ಡು ನೂರಾ ಎಂಬತ್ತೆರಡು. ಸಮೋಸ ಇನ್ನೂರರ ಹತ್ತಿರ ಹೋಯಿತು, ಆದರೆ ಅದರ ಹೊಟ್ಟೆ ಉಬ್ಬಿದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕಾಗದದ ಮೇಲೆ ಪೆನ್ಸಿಲ್ಲಿಗೆ ಸೂಜಿಯಂಥ ಮೊನೆ ಮಾಡಿ, ಉಸಿರು ಬಿಗಿಹಿಡಿದು, ಒಂದು ಕಣ್ಣು ಮುಚ್ಚಿ ಅಳೆದಳು. ನೂರಾ ಎಂಬತ್ತೊಂದು. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು.

ಮಹಾಬಲೇಶ್ವರ ಇಣುಕಿ ನೋಡಿದ. ಬ್ಯಾಂಕಿನ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಗಡಿಬಿಡಿಯಲ್ಲಿ ಅವನ ಕಣ್ಣೂ ಕೆಂಪಾಗಿತ್ತು. "ಎಂತದೇ ಇದು ಮಾರಾಯ್ತಿ? ಹಾಲು ಅಳೀಬೇಕಾದವಳು ಮೂಲೆ ಅಳೀತಾ ಕೂತ್ಯಲ್ಲೇ!"

"ನಂಗೆ ಮಾತ್ರ ಯಾಕೆ ಬರೂದಿಲ್ಲ ಹೇಳಿ ನೋಡ್ವಾ. ಆ ಕಾಮೇಶ್ವರನಿಗೂ ಸರಿ ಬಂತು. ತರಗತಿಲಿ ಅರ್ಧ ಹೊತ್ತು ನಿದ್ದೆ ಮಾಡ್ತಾನೆ ಅಂವ!"

"ನೂರಾ ಎಂಬತ್ತು ಅಂತ ಹೇಳಿಬಿಡು. ಒಂದು ಡಿಗ್ರಿ ಯಾರು ಕೇಳ್ತಾರೆ?"

"ನಿಮ್ಮ ಬ್ಯಾಂಕಲ್ಲಿ ಒಂದು ರೂಪಾಯಿ ಕಮ್ಮಿ ಬಂದ್ರೆ ಹಂಗೇ ಹೇಳ್ತೀರಾ?"

ಮಹಾಬಲೇಶ್ವರ ಒಲೆ ಒರೆಸತೊಡಗಿದ.

ಶನಿವಾರ ಬಂತು. ಕಮಲಾ ಹೋಗಿ ತ್ರಿಭುಜ ಬರೆದು ಚಕಚಕನೆ ಅಳೆದು ನೂರಾ ಎಂಬತ್ತು ತೋರಿಸಿ ಬಂದಳು. ಕಾಮೇಶ್ವರನೂ ಅಷ್ಟೇ. ಮೇಷ್ಟ್ರು ಇಬ್ಬರಿಗೂ ತಲೆಯಾಡಿಸಿದರು. ಜಲಜಾಳ ಸರದಿ. ಮರದ ದೊಡ್ಡ ಕೋನಮಾಪಕವನ್ನು ಎರಡೂ ಕೈಯಲ್ಲಿ ಮೊರದಂತೆ ಎತ್ತಿ ಹಿಡಿದಳು. ಒಂದು ಕೋನ ಅಳೆದಳು. ಎರಡನೆಯದು ಅಳೆದಳು. ಮೂರನೆಯದಕ್ಕೆ ಹೋಗುವಾಗ ಮುಂದಿನ ಬೆಂಚಿನಿಂದ ಕಮಲಾ ಸೆರಗು ಅಡ್ಡ ಹಿಡಿದು ತೆಲುಗಿನಲ್ಲಿ ಪಿಸುಗುಟ್ಟಿದಳು.

"ಜಲಜಗಾರು! ಮೂರನೇದು ಯಾಕೆ ಅಳೀತೀರಂಡಿ? ನೂರಾ ಎಂಬತ್ತರಲ್ಲಿ ಕಳೆದುಬಿಡಿ!"

ಜಲಜಾಳ ಕೈ ನಿಂತಿತು.

ಕಳೆಯುವುದೇ? ಮೂರನೆಯದನ್ನು ಅಳೆಯುವುದೇ ಇಲ್ಲವೇ? ಹಿಂದಿರುಗಿ ನೋಡಿದಳು. ಇಡೀ ತರಗತಿ ಮದುವೆಮನೆಯಲ್ಲಿ ಎಲೆ ತೋರಿಸುವವರಂತೆ ಪ್ರೀತಿಯಿಂದ ಕೈಸನ್ನೆ ಮಾಡುತ್ತಿತ್ತು: ಕಳೆ, ಕಳೆ. ಮೇಷ್ಟ್ರ ಮಾತು ಸುಳ್ಳಾಗಬಾರದು ಎಂಬ ಮರ್ಯಾದೆ ಅದು. ಅವರು ನೂರಾ ಎಂಬತ್ತು ಅಂದರೆ ನೂರಾ ಎಂಬತ್ತೇ ಬರಬೇಕು, ಬರದಿದ್ದರೆ ಬರಿಸಬೇಕು.

ಅಯ್ಯೋ, ಕಳೆದುಬಿಟ್ಟರೆ ಮುಗಿಯಿತಲ್ಲ! ಮಾರ್ಚಿ ಕೈಗೆ ಬರುತ್ತದೆ. ಆದರೆ ಅವಳ ಕೈ ಕೇಳಲಿಲ್ಲ. ಅದು ತಾನಾಗಿ ಕೋನಮಾಪಕವನ್ನು ಮೂರನೆಯ ಮೂಲೆಗೆ ಒತ್ತಿತು. ಅಳೆದಳು. ಕೂಡಿದಳು.

"ನೂರಾ ಎಂಬತ್ತೊಂದು, ಸಾರ್," ಎಂದಳು. "ಮನೆಯಲ್ಲೂ ಹೀಗೇ ಬರ್ತದೆ. ಒಂದು ಹೆಚ್ಚು, ಇಲ್ಲಾ ಒಂದು ಕಮ್ಮಿ. ನನಗೆ ತ್ರಿಭುಜ ಬರೋದಿಲ್ಲ ಸಾರ್."

ಸೂರ್ಯಪ್ರಕಾಶ ಮೇಷ್ಟ್ರು ಕುರ್ಚಿಯಿಂದ ಎದ್ದು ಕೇಳಿದರು: "ಮೂರನೇ ಕೋನವನ್ನು ನಿಜವಾಗಿ ಅಳೆದವರು ಕೈ ಎತ್ತಿ."

ಬೋರ್ಡಿನ ಹತ್ತಿರ ಸೀಮೆಸುಣ್ಣ ಹಿಡಿದಿದ್ದ ಒಂದೇ ಕೈ ಮೇಲೆದ್ದಿತು. ಕಾಮೇಶ್ವರ ಕಿಟಕಿಯಾಚೆ ನೋಡಿದ. ಕಮಲಾ ಸೆರಗಿನಿಂದ ಮುಖ ಒರೆಸಿಕೊಂಡಳು. ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಮೇಜು ಹಿಡಿದುಕೊಂಡು ನಕ್ಕರು.

"ವರ್ಷವರ್ಷವೂ ಇದೇ! ವರ್ಷವರ್ಷವೂ ಎಲ್ಲರಿಗೂ ನೂರಾ ಎಂಬತ್ತು! ಅಮ್ಮಾ, ಈ ಸೀಮೆಸುಣ್ಣದ ಗೆರೆ ಬೆರಳಿನಷ್ಟು ದಪ್ಪ. ನಾನು ಅಳೆದರೂ ನೂರಾ ಎಂಬತ್ತೆರಡು ಬರುತ್ತದೆ. ಸರಿ, ಹಾಗಾದರೆ ನೂರಾ ಎಂಬತ್ತು ಅಂತ ನಮಗೆ ಹೇಗೆ ಗೊತ್ತು?"

"ಪುಸ್ತಕದಲ್ಲಿದೆ, ಸಾರ್," ಎಂದ ಕಾಮೇಶ್ವರ.

"ಪುಸ್ತಕ ಬರೆದವನಿಗೆ ಹೇಗೆ ಗೊತ್ತು?"

ಮೇಷ್ಟ್ರು ಕೋನಮಾಪಕವನ್ನು ಜಲಜಾಳ ಕೈಯಿಂದ ತೆಗೆದುಕೊಂಡು ತಮ್ಮ ಕುರ್ಚಿಯ ಮೇಲಿಟ್ಟು ಅದರ ಮೇಲೇ ಕೂತುಬಿಟ್ಟರು. "ಈಗ ಅಳೆಯುವ ಹಾಗಿಲ್ಲ. ತ್ರಿಭುಜದ ತುದಿಯಲ್ಲಿ, ತಳಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆಯಿರಿ. ಹೋದ ವಾರದ ಪಾಠ ನೆನಪು ಮಾಡಿಕೊಂಡು ನೋಡಿ."

ಜಲಜಾ ಎಳೆದಳು. ನೋಡಿದಳು. ತಳದಲ್ಲಿ ಒಂದು ಗೆರೆ, ತುದಿಯಲ್ಲಿ ಒಂದು ಗೆರೆ, ರೈಲು ಹಳಿಗಳ ಹಾಗೆ. ನಡುವೆ ಓರೆಯಾಗಿ ತ್ರಿಭುಜದ ಎಡಬದಿ. ಹೋದ ವಾರ ಇದೇ ಅಲ್ಲವೇ? ಎರಡು ಸಮಾಂತರ ಗೆರೆಗಳನ್ನು ಒಂದು ಓರೆ ಗೆರೆ ಕತ್ತರಿಸಿದರೆ, ಒಳಗೆ ಆ ಕಡೆಯ ಕೋನವೂ ಈ ಕಡೆಯ ಕೋನವೂ ಸಮ. ಹಾಗಾದರೆ ಕೆಳಗಿನ ಎಡ ಮೂಲೆ ಮೇಲೆ ತುದಿಯ ಎಡಕ್ಕೆ ಬಂದು ಕೂತಿದೆ. ಬಲ ಮೂಲೆ? ಅದೂ ಬಂದಿದೆ, ಬಲಕ್ಕೆ! ನಡುವೆ ತುದಿಯ ಕೋನ ಮೊದಲಿನಿಂದಲೂ ಅಲ್ಲೇ ಇದೆ. ಮೂರೂ ಪಕ್ಕಪಕ್ಕ, ಒಂದೇ ಬೆಂಚಿನ ಮೇಲೆ ಮೂವರು ಕೂತ ಹಾಗೆ. ಮತ್ತೆ ಬೆಂಚು? ನೆಟ್ಟಗಿನ ಗೆರೆ, ಅಂದರೆ ನೂರಾ ಎಂಬತ್ತು!

"ಅಳೆಯೂದೇ ಬೇಡ!" ಜಲಜಾ ತೆಲುಗು ಮರೆತು ಕನ್ನಡದಲ್ಲೇ ಚೀರಿದಳು. "ಅಯ್ಯೋ ದೇವ್ರೇ, ಅಳೆಯೂದೇ ಬೇಡ!"

ಭಾಷೆ ಗೊತ್ತಿಲ್ಲದವರಿಗೂ ವಿಷಯ ತಿಳಿಯಿತು. ಅವಳು ಎಡ ಮೂಲೆ ತೋರಿಸಿ ಮೇಲೆ ಹಾರಿದಳು, ಬಲ ಮೂಲೆ ತೋರಿಸಿ ಮೇಲೆ ಹಾರಿದಳು, ಕೊನೆಗೆ ಎರಡೂ ಕೈ ಅಗಲಿಸಿ ಗೆರೆಯಾಗಿ ನಿಂತಳು. ಸೀರೆಯ ತುಂಬ ಸೀಮೆಸುಣ್ಣ.

ಕಮಲಾ ಮಾತ್ರ ವ್ಯಾಪಾರಸ್ಥಳು. ತಟ್ಟಿ ನೋಡದೆ ಪಾತ್ರೆ ಕೊಳ್ಳುವವಳಲ್ಲ. ಬೋರ್ಡಿಗೆ ಬಂದು ಹಪ್ಪಳದಷ್ಟು ಚಪ್ಪಟೆಯಾದ ತ್ರಿಭುಜ ಬರೆದಳು. "ಇದಕ್ಕೂ?"

"ಇದಕ್ಕೂ!" ಜಲಜಾ ಮೇಲೊಂದು ಗೆರೆ ಎಳೆದಳು.

ಕಾಮೇಶ್ವರ ಓಡಿಬಂದು ದೇವಸ್ಥಾನದ ಗೋಪುರದಂತೆ ಉದ್ದನೆಯದೊಂದು ಬರೆದ. "ಇದಕ್ಕೂನಾ ಅಂಡಿ?"

"ಇದಕ್ಕೂ! ವಿಶಾಖಪಟ್ಟಣದ ಮರಳಿನ ಮೇಲೆ ಬರೆದರೂ! ಸಮುದ್ರ ಬಂದು ಅಳಿಸಿದರೂ!"

"ಬೋರ್ಡಲ್ಲಿ ಜಾಗ ಉಳಿಸ್ರಯ್ಯಾ," ಎಂದರು ಮೇಷ್ಟ್ರು ಕೋನಮಾಪಕದ ಮೇಲಿಂದ ಏಳದೆ. ಎಲ್ಲರಿಗೂ ಮಾರ್ಚಿ ಪರೀಕ್ಷೆ ಎಂದರು. ಜಲಜಗಾರು ಉಳಿದವರಿಗೆಲ್ಲ ಈ ಹಾರಾಟ ಇನ್ನೊಮ್ಮೆ ಕಲಿಸಬೇಕು, ಅದು ಷರತ್ತು. ಬೋರ್ಡಿನ ಸುತ್ತಲಿನ ಗದ್ದಲದಲ್ಲಿ ಆ ಮಾತು ಯಾರಿಗೂ ಕೇಳಿಸಲಿಲ್ಲ. ಮೇಷ್ಟ್ರು ಇನ್ನೊಮ್ಮೆ ಹೇಳಬೇಕಾಯಿತು.

ಮನೆಗೆ ಬರುವಾಗ ಜಲಜಾ ಆಟೋದವನಿಗೆ ದಾರಿ ಹೇಳುವುದನ್ನೇ ಮರೆತು ಮುಂದಿನ ಬೀದಿಗೆ ಹೋಗಿ ವಾಪಸು ಬಂದಳು. ಬಂದವಳೇ ದೋಸೆ ಹುಯ್ದು, ಕತ್ತರಿಸಿ, ತಟ್ಟೆಯಲ್ಲಿ ತ್ರಿಭುಜ ಇಟ್ಟು, ಗಂಡನಿಗೂ ಮಗಳಿಗೂ ಇಡೀ ಕಥೆ ಹೇಳಿದಳು, ಹಾರಾಟವೂ ಸೇರಿ. ಬಿಂದುಶ್ರೀ ಬಾಯಿ ತೆರೆದು ನೋಡಿದಳು. "ನಮ್ಮ ಕ್ಲಾಸಲ್ಲಿ ಇದನ್ನ ಬೈಹಾರ್ಟ್ ಮಾಡಿ ಅಂದಿದ್ರು ಅಮ್ಮಾ," ಎಂದಳು, ಅಪರೂಪಕ್ಕೆ ಕನ್ನಡದಲ್ಲಿ.

ಮಹಾಬಲೇಶ್ವರ ಮಾತ್ರ ಬ್ಯಾಂಕಿನವನು. ಕನ್ನಡಕ ಏರಿಸಿ, ಮಗಳ ಕೋನಮಾಪಕ ತೊಳೆದು ತಂದು, ದೋಸೆಯ ಮೂರೂ ಮೂಲೆಗಳ ಮೇಲೆ ಜಾಗ್ರತೆಯಿಂದ ಇಟ್ಟು ನೋಡಿದ. ಬೆರಳಲ್ಲಿ ಕೂಡಿದ. ಮುಖ ಸಪ್ಪಗಾಯಿತು.

"ಜಲಜಾ, ನೂರಾ ಎಪ್ಪತ್ತೊಂಬತ್ತು ಬರ್ತದಲ್ಲೇ ಮಾರಾಯ್ತಿ."

ಜಲಜಾಳಿಗೆ ಎಂಥ ನಗು ಬಂತೆಂದರೆ ಕಾವಲಿಯ ಮೇಲಿನ ದೋಸೆ ಕರಕಲಾಯಿತು.

"ಅಳೀರಿ," ಎಂದಳು ಉಸಿರು ಸಿಕ್ಕಾಗ. "ಇನ್ನೂ ಅಳೀರಿ. ಬೇಕಾದಷ್ಟು ಸಲ ಅಳೀರಿ!"