ಬೀಗರ ಮನೆಯ ಮುದ್ದೆ ಕೋಲು

ಯಾರ ಮನೆಗೆ ಹೋದರೂ ಮುನಿಕೃಷ್ಣಪ್ಪನವರು ಮೊದಲು ನೋಡುವುದು ಆ ಮನೆಯಲ್ಲಿ ಏನಿಲ್ಲ ಎಂಬುದನ್ನು. ಮನೆಯವರು ಚಾಪೆ ಹಾಸಿ, ನೀರು ಕೊಟ್ಟು, ಮಳೆ ಬೆಳೆಯ ಮಾತೆತ್ತುವಷ್ಟರಲ್ಲಿ ಅವರ ಕಣ್ಣು ಅಟ್ಟದಿಂದ ಹಿತ್ತಿಲಿನವರೆಗೆ ಒಂದು ಪ್ರದಕ್ಷಿಣೆ ಮುಗಿಸಿರುತ್ತದೆ; ಸಡಿಲವಾದ ಚಿಲಕ, ಮುಚ್ಚಳ ಕಳೆದುಕೊಂಡ ಕೊಡ, ಹಿಡಿ ಮುರಿದ ಕುಡುಗೋಲು, ಯಾವುದೂ ಆ ದೃಷ್ಟಿಗೆ ಹೊರತಲ್ಲ. ತಲೆಯನ್ನು ಒಂದಿಷ್ಟು ವಾಲಿಸಿ, "ಹಂಗೋ ವಿಷ್ಯ" ಎನ್ನುತ್ತಾರೆ, ಅಷ್ಟೆ. ಮುಂದಿನ ಸಲ ಬರುವಾಗ ಚೀಲದಲ್ಲಿ ಆ ಮನೆಗೆ ಬೇಕಾದದ್ದೇ ಇರುತ್ತದೆ, ಅಳತೆ ಕೂದಲೆಳೆಯಷ್ಟೂ ತಪ್ಪದೆ. ಏಕೆಂದರೆ ಅವರ ಕೋಟಿನ ಜೇಬಿನಲ್ಲಿ ಸದಾ ಒಂದು ಉಂಡೆ ಗೋಣಿದಾರವಿರುತ್ತದೆ, ಯಾರೂ ನೋಡದ ಗಳಿಗೆಯಲ್ಲಿ ಅದು ಕೊಡದ ಬಾಯಿಯನ್ನೋ ಬಾಗಿಲಿನ ಪಟ್ಟಿಯನ್ನೋ ಅಳೆದು ಮತ್ತೆ ಜೇಬು ಸೇರಿರುತ್ತದೆ.

ಆ ಕೋಟಿನ ಬಗ್ಗೆಯೂ ಹೇಳಬೇಕು. ಡೆಂಕಣಿಕೋಟೆಯ ಪಕ್ಕದ ಹಳ್ಳಿಯಲ್ಲಿ ರಾಗಿ, ಟೊಮೆಟೊ ಬೆಳೆದುಕೊಂಡಿರುವ ಈ ಮನುಷ್ಯ ನಾಲ್ಕು ವರ್ಷದ ಹಿಂದೆ ಮಗಳ ಮದುವೆಗೆಂದು ಹೊಸೂರಿನಲ್ಲಿ ಒಂದು ಕಂದು ಕೋಟು ಹೊಲಿಸಿದರು. ಬೀಗರನ್ನು ಅಪ್ಪಿಕೊಳ್ಳುವ ಭರದಲ್ಲಿ ಮದುವೆಯ ದಿನವೇ ಅದರ ನಡುವಿನ ಗುಂಡಿ ಕಿತ್ತು, ಚಪ್ಪರದ ಜನದ ಕಾಲಡಿಯಲ್ಲಿ ಎಲ್ಲಿಗೆ ಉರುಳಿತೋ ಸಿಗಲೇ ಇಲ್ಲ. ಅಂದಿನಿಂದ ಅಲ್ಲೊಂದು ಪಿನ್ನು. ಒಂದು ಕೈ ಬೆನ್ನ ಹಿಂದೆ, ಇನ್ನೊಂದು ಎದೆಯ ಮೇಲೆ ಇಟ್ಟುಕೊಂಡು, ಕುತ್ತಿಗೆ ಮುಂದೆ ಚಾಚಿ ಅವರು ನಡೆದು ಬರುವ ಗಾಂಭೀರ್ಯವನ್ನು ಕಂಡು ಹೊಸಬರು ಎದ್ದು ನಿಲ್ಲುವುದುಂಟು; ಆ ಕೈ ಪಿನ್ನನ್ನು ಮರೆಮಾಡುತ್ತಿದೆ ಎಂಬುದು ಹೆಂಡತಿ ಪಾಪಮ್ಮನಿಗೆ ಮಾತ್ರ ಗೊತ್ತೆಂದು ಅವರ ನಂಬಿಕೆ. "ಒಂದ್ ಗುಂಡಿ ಹಾಕುಸ್ಕಬಾರ್ದಾ?" ಎಂದು ಆಕೆ ಕೇಳಿದಾಗಲೆಲ್ಲ ಒಂದೇ ಉತ್ತರ: "ಯಾರ್ಗ್ ಕಾಣ್ತದೆ ಬುಡು."

ಅವರ ಉಡುಗೊರೆಗಳ ಕಥೆ ಹೇಳುತ್ತಾ ಹೋದರೆ ಹೊತ್ತು ಸಾಲದು. ಕಾಡಂಚಿನ ಹೊಲದ ನಂಜಪ್ಪ ಆನೆ ಓಡಿಸಲು ಬಾರಿಸುತ್ತಿದ್ದ ತಗಡಿನ ಡಬ್ಬ ಸೀಳಿ, ಸದ್ದು ಮಂಕಾಗಿತ್ತು. ಮುನಿಕೃಷ್ಣಪ್ಪನವರು ಅದನ್ನು ಕೇಳಿಸಿಕೊಂಡು ಬಂದವರು, ಸಂತೆಯಲ್ಲಿದ್ದ ಎಣ್ಣೆ ಡಬ್ಬಗಳನ್ನೆಲ್ಲ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಅಂಗಡಿಯವನಿಂದ ಬೈಸಿಕೊಂಡು, ಒಂದನ್ನು ಆರಿಸಿ ಒಯ್ದು ಕೊಟ್ಟರು. "ಆನೆಗೂ ಹೊಸ ಸದ್ದು ಬೇಕಾಗಿತ್ತು ಕಣಣ್ಣಾ" ಎಂದು ನಂಜಪ್ಪ ಇವತ್ತಿಗೂ ನಗುತ್ತಾನೆ. ಹೊಲದ ಪಟ್ಟಾ ಪತ್ರದ ಕೆಲಸಕ್ಕೆ ಕೃಷ್ಣಗಿರಿಗೆ ಹೋದಾಗ ಇಳಿದುಕೊಳ್ಳುವ ರಾಮಯ್ಯನ ಮನೆಯಲ್ಲಿ, ಅವನ ಮುದಿ ತಾಯಿ ಸೂಜಿಗೆ ದಾರ ಪೋಣಿಸಲಾಗದೆ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದರು. ಮುಂದಿನ ಸಲ ಆಕೆಗೆ ಸಿಕ್ಕಿದ್ದು ಹನ್ನೆರಡು ಸೂಜಿ ಚುಚ್ಚಿದ ಒಂದು ತುಂಡು ಬಟ್ಟೆ. ಹನ್ನೆರಡಕ್ಕೂ ದಾರ ಪೋಣಿಸಿಯೇ ಇತ್ತು.

ಇಷ್ಟೆಲ್ಲ ಕೊಡುವವರು ತೆಗೆದುಕೊಳ್ಳುವುದರಲ್ಲಿ ಮಾತ್ರ ಮಹಾ ಜಿಪುಣರು. ಹೊರಡುವಾಗ ಯಾರಾದರೂ ನಾಲ್ಕು ಮಾವಿನಹಣ್ಣು ಚೀಲಕ್ಕೆ ಹಾಕಲು ಬಂದರೆ, "ಯಾಕ್ ಬುಡಿ, ನಮ್ಮನೇಲದೆ" ಎನ್ನುತ್ತಾರೆ. ಅವರ ಹೊಲದಲ್ಲಿ ಒಂದು ಮಾವಿನ ಗಿಡವೂ ಇಲ್ಲ.

ಇಂಥವರು ಎಡವಿದ್ದು ಬಾಗಲೂರಿನಲ್ಲಿ, ಮಗಳು ಮುನಿಲಕ್ಷ್ಮಿಯನ್ನು ಕೊಟ್ಟ ಮನೆಯಲ್ಲಿ. ಅಲ್ಲಿ ಮಗಳ ಅತ್ತೆ ಅಂಜಮ್ಮನವರದೇ ಅಡುಗೆ. ಬೀಗರೆಂದು ದೂರವಿಡದೆ, ಮೊದಲ ದಿನದಿಂದಲೂ ಅವರು ಮುನಿಕೃಷ್ಣಪ್ಪನವರಿಗೆ ಅಡುಗೆಮನೆಯ ಬಾಗಿಲಲ್ಲೇ ತಟ್ಟೆ ಇಟ್ಟು, ಬಿಸಿ ಮುದ್ದೆ ಹಾಕಿ, ಹುರುಳಿ ಸಾರು ಬಿಡುತ್ತಿದ್ದರು. ಆ ಮುದ್ದೆಯ ಸಲುವಾಗಿಯೇ ಎರಡು ಬಸ್ಸು ಹಿಡಿದು ಹೋಗುತ್ತಾರೆಂದು ಪಾಪಮ್ಮ ಛೇಡಿಸುವುದಿತ್ತು. ಒಂದು ದಿನ ಅವರ ಕಣ್ಣಿಗೆ ಎರಡು ಸಂಗತಿ ಬಿದ್ದವು: ಅಂಜಮ್ಮನವರು ಬಲ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದರು, ಹಿತ್ತಿಲಲ್ಲಿ ತೊಳೆದು ಒಣಗಲು ಒರಗಿಸಿದ್ದ, ರಾಗಿ ಹಿಟ್ಟು ತಿರುವುವ ಮುದ್ದೆ ಕೋಲು ಒಂದು ಮಗ್ಗುಲಿಗೆ ಸವೆದು ತೆಳ್ಳಗಾಗಿತ್ತು. ಗೋಣಿದಾರ ಹೊರಬಂತು. ಊರಿಗೆ ಬಂದವರೇ ಆಚಾರಿ ಚಿನ್ನಪ್ಪನ ಮುಂದೆ ಕೂತು, ಹುಣಸೆ ಮರದಲ್ಲಿ ಕೋಲು ಮಾಡಿಸಿ, ಎರಡು ದಿನ ಎಣ್ಣೆ ಕುಡಿಸಿ, ಹೊಸ ಟವೆಲಿನಲ್ಲಿ ಸುತ್ತಿ ಒಯ್ದರು. ಅಂಜಮ್ಮನವರು ಎರಡೂ ಕೈಯಲ್ಲಿ ಇಸಕೊಂಡು, "ಯಾಕ್ ತೊಂದ್ರೆ ತಕಂಡ್ರಿ ಬೀಗ್ರೇ" ಎಂದರು.

ಆ ಮಧ್ಯಾಹ್ನ ತಟ್ಟೆಗೆ ಅನ್ನ ಬಂತು. ಊಟಕ್ಕೆ ನಡುಮನೆಯಲ್ಲಿ ಕುರ್ಚಿ, ಮೇಜು. ಮುಂದಿನ ಸಲವೂ ಅನ್ನ, ಜೊತೆಗೆ ಹಪ್ಪಳ. ಅದರ ಮುಂದಿನ ಸಲ ಪಾಯಸ. ಮರ್ಯಾದೆ ಏರುತ್ತಾ ಹೋಯಿತು, ಮುನಿಕೃಷ್ಣಪ್ಪನವರ ಮುಖ ಇಳಿಯುತ್ತಾ ಬಂತು. ಒಳಗೆ ಮನೆಯವರೆಲ್ಲ ಮುದ್ದೆ ಉಣ್ಣುವ ಸದ್ದು ಕೇಳುತ್ತಿರುವಾಗ ತಾವೊಬ್ಬರೇ ಅನ್ನ ಕಲಸುತ್ತಾ, ಮಗಳ ಮನೆಯಲ್ಲಿ ತಾನು ಹೊರಗಿನವನಾಗಿಬಿಟ್ಟೆನಲ್ಲ ಎಂದು ಅವರು ಪಟ್ಟ ಸಂಕಟ ಅಷ್ಟಿಷ್ಟಲ್ಲ. ಮನೆಯ ಮೂಲೆಮೂಲೆಯ ಕೊರತೆ ಕಾಣುವ ಕಣ್ಣಿಗೆ ತನ್ನ ತಪ್ಪು ಯಾವುದೆಂದು ಆರು ತಿಂಗಳಾದರೂ ಕಾಣಲಿಲ್ಲ. ಕಡೆಗೆ ಬಸ್ ಸ್ಟಾಪಿನಲ್ಲಿ ಮಗಳೇ ಬಿಡಿಸಿ ಹೇಳಬೇಕಾಯಿತು.

"ನಿಂಗೆ ಕೋಲು ತಕಂಬಾ ಅಂತ ಯಾರಪ್ಪಾ ಹೇಳಿದ್ದು? ಉಂಡೋದೋರು ಮುದ್ದೆ ಕೋಲು ತಂದ್ರೆ ಏನಂಗೆ? ನಿನ್ ಮುದ್ದೇಲಿ ಗಂಟವೆ ಅಂದಂಗೆ. ಊರ್ನಾಗೆ ಯಾರ ಮನೆ ಊಟಕ್ಕೂ ಹಿಟ್ಟು ತಿರುವಾಕೆ ಅತ್ತೇನೇ ಕರೀತಾರೆ, ಗೊತ್ತಾ?"

ಆ ರಾತ್ರಿ ಸೀರೆ ಕೊಡುವುದೋ, ಬೆಳ್ಳಿ ಕುಂಕುಮದ ಬಟ್ಟಲು ಕೊಡುವುದೋ ಎಂದು ಅವರು ಲೆಕ್ಕ ಹಾಕುತ್ತಿದ್ದರೆ ಪಾಪಮ್ಮ ರೇಗಿಬಿಟ್ಟರು. "ಇನ್ನೊಂದ್ ತಕಂಡೋಗಿ ಇನ್ನೊಂದ್ ಎಡವಟ್ಟು ಮಾಡ್ಕಬ್ಯಾಡ. ಬರೀ ಕೈಲೋಗು."

ಹಾಗೆ, ಬದುಕಿನಲ್ಲಿ ಮೊದಲ ಸಲ ಮುನಿಕೃಷ್ಣಪ್ಪನವರು ಚೀಲವಿಲ್ಲದೆ ಬಸ್ಸು ಹತ್ತಿದರು. ಬಾಗಲೂರು ತಲುಪಿ, ನಡುಮನೆಯ ಕುರ್ಚಿಯನ್ನು ದಾಟಿ ಹೋಗಿ ನೇರವಾಗಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟರು. ಅಂಜಮ್ಮನವರು ಅಕ್ಕಿ ತೊಳೆಯುತ್ತಿದ್ದರು.

"ಅಕ್ಕಾ, ನಂಗೆ ಅನ್ನ ಬ್ಯಾಡ. ಒಂದ್ ಮುದ್ದೆ ಕೊಡಿ. ನಿಮ್ ಕೈಯಿಂದು ಉಂಡು ಆರ್ ತಿಂಗ್ಳಾಯ್ತು."

ಅಂಜಮ್ಮನವರು ತಿರುಗಲಿಲ್ಲ. "ಗಂಟಿದ್ರೆ?"

ಗಂಟಿದ್ದರೂ ಸರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ದೇವರು ದೊಡ್ಡವನು, ಅವರು ಅದನ್ನು ನುಂಗಿಕೊಂಡರು. "ನಿಮ್ ಮುದ್ದೇಲಿ ಗಂಟು ತೋರ್ಸೋನು ಇನ್ನೂ ಹುಟ್ಟಿಲ್ಲಕ್ಕಾ. ಕೈ ನೋಯ್ತದಲ್ಲಾ ಅಂತ ತಂದೆ ಆ ಕೋಲು. ಇನ್ನೇನೂ ಇಲ್ಲ."

ಅಕ್ಕಿ ತೊಳೆಯುವ ಕೈ ನಿಂತಿತು. "ಕೈ ನೋಯ್ತದೆ ಅಂತ ಈ ಮನೇಲಿ ಯಾರ್ಗೂ ನಾನು ಹೇಳಿಲ್ಲ." ಪಾತ್ರೆಯ ನೀರು ಬಸಿದು, ಬೀಗರದೇ ಮಾತನ್ನು ಅಂಜಮ್ಮನವರು ಅಂದರು: "ಹಂಗೋ ವಿಷ್ಯ."

ಅಕ್ಕಿಯನ್ನು ಪಕ್ಕಕ್ಕಿಟ್ಟು ಎಸರಿಟ್ಟರು. ಹಿಟ್ಟು ತಿರುವಿದ್ದು ಸವೆದ ಹಳೆಯ ಕೋಲಿನಿಂದಲೇ. ಹೊಸ ಕೋಲು ಕೊಟ್ಟಿಗೆಯಲ್ಲಿ, ಹಸುವಿನ ಬೂಸದ ಬಕೆಟ್ಟಿನೊಳಗೆ ನಿಂತಿರುವುದು ಮುನಿಕೃಷ್ಣಪ್ಪನವರಿಗೆ ಕೂತಲ್ಲಿಂದಲೇ ಕಾಣುತ್ತಿತ್ತು. ನೋಡಿಯೂ ನೋಡದಂತೆ ಇರುವುದನ್ನು ಅವರು ಅಂದು ಕಲಿತರು. ಎರಡು ಮುದ್ದೆ ಉಂಡರು.

ಹೊರಡುವಾಗ ಅಂಜಮ್ಮನವರು ಸಾಸಿವೆ ಡಬ್ಬದಿಂದ ಸಣ್ಣ ಪೊಟ್ಟಣವೊಂದನ್ನು ತೆಗೆದು ಅವರ ಕೈಗಿಟ್ಟರು. "ನಮ್ಮನೇ—" ಎಂದು ಅಭ್ಯಾಸದ ಮಾತು ಹೊರಟಿತು. ಪೊಟ್ಟಣ ಬಿಚ್ಚಿಕೊಂಡಿತು. ಒಳಗೆ ಒಂದು ಕಂದು ಗುಂಡಿ. ಅದೇ ಬಣ್ಣ, ಅದೇ ಗಾತ್ರ.

"ಮದ್ವೆ ಆದ್ ತಿಂಗ್ಳೇ ಹೊಸೂರಲ್ಲಿ ಹುಡುಕ್ಸಿ ತರ್ಸಿದ್ದೆ" ಎಂದರು ಅಂಜಮ್ಮ. "ಕೊಟ್ರೆ ನೀವು ಬ್ಯಾಸ್ರ ಮಾಡ್ಕಂಡೀರಿ ಅಂತ ಮಡಗಿದ್ದೆ. ಕೋಟು ಬಿಚ್ಚಿ ಕೊಡಿ, ಹೊಲ್ದು ಕೊಡ್ತೀನಿ."

ನಾಲ್ಕು ವರ್ಷ ಎದೆಯ ಮೇಲೆ ಕೈಯಿಟ್ಟು ನಡೆದದ್ದೆಲ್ಲ ವ್ಯರ್ಥವಾಗಿತ್ತು. ಕೊಟ್ಟದ್ದನ್ನು ಇಸಕೊಂಡವರಿಗೆ ಒಳಗೆ ಹೇಗಾಗುತ್ತದೆಂದು ಅವರಿಗೆ ತಿಳಿದದ್ದು ಆಗಲೇ. ಆಮೇಲೆ ಕೋಟು ಬಿಚ್ಚಿ ಕೊಟ್ಟು, ಮಾಸಿದ ಅಂಗಿಯಲ್ಲೇ ಅದೇ ಹೊಸ್ತಿಲ ಮೇಲೆ ಕೂತು, ನೋಯುವ ಮಣಿಕಟ್ಟು ಸೂಜಿ ಎಳೆಯುವುದನ್ನು ನೋಡುತ್ತಿದ್ದರು.

ಮುನಿಕೃಷ್ಣಪ್ಪನವರಂಥವರು ಪ್ರತಿ ಊರಿನಲ್ಲೂ ಒಬ್ಬರಾದರೂ ಇರುತ್ತಾರೆ. ಪರರ ಕೊರತೆ ಅವರ ಕಣ್ಣಿಗೆ ಬೇಗ ಬೀಳುತ್ತದೆ, ಅದನ್ನು ತುಂಬುವ ಆತುರ ಅದಕ್ಕಿಂತ ಬೇಗ ಹುಟ್ಟುತ್ತದೆ. ತಮ್ಮದನ್ನು ಮಾತ್ರ ಅಂಗೈಯಲ್ಲಿ ಮುಚ್ಚಿಕೊಂಡು, ಯಾರಿಗೂ ಕಾಣುತ್ತಿಲ್ಲವೆಂದು ನಂಬಿರುತ್ತಾರೆ. ಅವರನ್ನು ತಮ್ಮವರೆಂದುಕೊಂಡವರು ಅದನ್ನು ಎಂದೋ ಕಂಡು, ಬೇಕಾದದ್ದನ್ನು ತಂದು, ಸಾಸಿವೆ ಡಬ್ಬದಲ್ಲಿಟ್ಟು ಸುಮ್ಮನಿರುತ್ತಾರೆ. ಈ ಕೊಡುವ ಮನುಷ್ಯ ಒಂದು ದಿನ ಬರಿಗೈಯಲ್ಲಿ ಬಂದು, ಹೊಸ್ತಿಲ ಮೇಲೆ ಕೂತು, ತನಗೇನು ಬೇಕೆಂದು ಬಾಯಿಬಿಟ್ಟು ಕೇಳುವವರೆಗೂ ಕಾಯುತ್ತಾರೆ.